ಪೂರ್ಣದೇಹ ಕಂಪನ ಮತ್ತು ಕುಳಿತು ದುಡಿಯುವ ಹಡಗು ಸಿಬ್ಬಂದಿಯ ಬೆನ್ನೆಲುಬು

ಪೂರ್ಣದೇಹ ಕಂಪನ ಎಂದರೆ ಆಸನ, ನೆಲ ಅಥವಾ ಹಾಸಿಗೆಯಂಥ ಆಧಾರದ ಮೂಲಕ ಶರೀರವನ್ನು ಹೊಕ್ಕು, ಒಂದೇ ಅಂಗಕ್ಕೆ ಸೀಮಿತವಾಗದೆ ಇಡೀ ದೇಹವನ್ನು ಅಲುಗಿಸುವ ಯಾಂತ್ರಿಕ ಕಂಪನ. ಹಡಗು ಮತ್ತು ದೋಣಿಗಳಲ್ಲಿ ಕುಳಿತು ಕೆಲಸ ಮಾಡುವವರಲ್ಲಿ ಇದು ಪೃಷ್ಠದ ಮೂಳೆಗಳಿಂದ ಶ್ರೋಣಿಗೆ, ಅಲ್ಲಿಂದ ನೇರವಾಗಿ ಬೆನ್ನೆಲುಬಿಗೆ ಸಾಗುತ್ತದೆ. ಕೊರೆಯುವ ಅಥವಾ ಉಜ್ಜುವ ಯಂತ್ರವನ್ನು ಹಿಡಿದವರ ಕೈಬೆರಳುಗಳಿಗೆ ತಟ್ಟುವ ಕೈ–ತೋಳಿನ ಕಂಪನ ಇದರಿಂದ ಬೇರೆಯಾದದ್ದು. ಬ್ರಿಜ್ ಎಂದು ಕರೆಯಲಾಗುವ ನೌಕಾಚಾಲನೆಯ ಕೋಣೆಯಲ್ಲಿ ಕುಳಿತ ಅಧಿಕಾರಿ, ಯಂತ್ರನಿಯಂತ್ರಣ ಕೊಠಡಿಯ ಎಂಜಿನಿಯರ್, ಟಗ್ ಮತ್ತು ಹೂಳೆತ್ತುವ ಡ್ರೆಡ್ಜರ್‌ಗಳ ಚಾಲಕರು, ಪೈಲಟ್ ದೋಣಿ, ಗಸ್ತು ದೋಣಿ ಹಾಗೂ ಜೀವರಕ್ಷಕ ದೋಣಿಗಳ ಸಿಬ್ಬಂದಿ ಇವರೆಲ್ಲರೂ ಈ ಕಂಪನಕ್ಕೆ ಒಳಗಾಗುತ್ತಾರೆ. ಆದರೆ ದೊಡ್ಡ ಸರಕು ಹಡಗಿನವರಿಗೆ ಎದುರಾಗುವ ಅಪಾಯವೂ ವೇಗದ ಚಿಕ್ಕ ದೋಣಿಯವರಿಗೆ ಎದುರಾಗುವ ಅಪಾಯವೂ ಒಂದೇ ಬಗೆಯವಲ್ಲ.

ಪರಿಭಾಷೆ

ಒಂದು ಸೆಕೆಂಡಿನಲ್ಲಿ ಕಂಪನ ಎಷ್ಟು ಸಲ ಮರುಕಳಿಸುತ್ತದೆ ಎಂಬುದು ಅದರ ಆವೃತ್ತಿ. ಇದನ್ನು ಹರ್ಟ್ಸ್ ಎಂಬ ಮಾನದಲ್ಲಿ ಹೇಳುತ್ತಾರೆ. ಕಂಪನದ ತೀವ್ರತೆಯನ್ನು ವೇಗೋತ್ಕರ್ಷದಲ್ಲಿ, ಅಂದರೆ ವೇಗ ಬದಲಾಗುವ ದರದಲ್ಲಿ ಅಳೆಯುವುದು ರೂಢಿ. ಇದರ ಮಾನ ಮೀ/ಸೆ². ಭೂಮಿಯ ಗುರುತ್ವದಿಂದ ಉಂಟಾಗುವ ಸುಮಾರು 9.8 ಮೀ/ಸೆ² ವೇಗೋತ್ಕರ್ಷವನ್ನು 1 ಜಿ ಎನ್ನುತ್ತಾರೆ. ಏರಿಳಿಯುವ ವೇಗೋತ್ಕರ್ಷದ ಕ್ಷಣಕ್ಷಣದ ಬೆಲೆಗಳ ವರ್ಗಗಳನ್ನು ಸರಾಸರಿ ಮಾಡಿ, ಆ ಸರಾಸರಿಯ ವರ್ಗಮೂಲವನ್ನು ತೆಗೆದರೆ ದೊರೆಯುವುದು ವರ್ಗಸರಾಸರಿ ಬೆಲೆ. ಹೊರಗಿನ ಕಂಪನದ ಆವೃತ್ತಿ ಒಂದು ವಸ್ತುವಿನ ಸಹಜ ಆವೃತ್ತಿಗೆ ಹೊಂದಿಕೊಂಡಾಗ ವಸ್ತುವಿನ ಅಲುಗಾಟ ಹೊರಗಿನದಕ್ಕಿಂತ ಹಿಗ್ಗುವುದೇ ಅನುರಣನ. ಆಘಾತ ಎಂಬ ಪದವನ್ನು ಇಲ್ಲಿ ಸೆಕೆಂಡಿನ ಸಣ್ಣ ಭಾಗದಲ್ಲಿ ಮುಗಿದುಹೋಗುವ, ಸುತ್ತಲಿನ ಕಂಪನಕ್ಕಿಂತ ಹಲವು ಪಟ್ಟು ತೀವ್ರವಾದ ಏಕಾಏಕಿ ಹೊಡೆತಕ್ಕೆ ಮಾತ್ರ ಬಳಸಲಾಗಿದೆ.

ಅಧ್ಯಯನದ ಹಿನ್ನೆಲೆ

ಹಡಗಿನ ಕಂಪನ ಮೊದಲು ಚರ್ಚೆಗೆ ಬಂದದ್ದು ಉಕ್ಕಿನ ಒಡಲು ಮತ್ತು ಯಂತ್ರಗಳ ಸುರಕ್ಷತೆಯ ಪ್ರಶ್ನೆಯಾಗಿಯೇ ಹೊರತು ಮನುಷ್ಯರ ಆರೋಗ್ಯದ ಪ್ರಶ್ನೆಯಾಗಿ ಅಲ್ಲ. ಜರ್ಮನಿಯ ಎಂಜಿನಿಯರ್ ಒಟ್ಟೊ ಶ್ಲಿಕ್ 1884ರಲ್ಲಿ ಉಗಿಹಡಗುಗಳ ಕಂಪನವನ್ನು ಕುರಿತು ಪ್ರಬಂಧ ಮಂಡಿಸಿದಾಗ, ಯಂತ್ರದ ಸುತ್ತುವೇಗ ಹಡಗಿನ ಒಡಲಿನ ಸಹಜ ಆವೃತ್ತಿಗೆ ತಾಗದಂತೆ ನೋಡಿಕೊಳ್ಳುವುದೇ ಮುಖ್ಯ ಕಾಳಜಿಯಾಗಿತ್ತು. ಬೆನ್ನೆಲುಬಿನ ಮೇಲೆ ಕಂಪನ ಬೀರುವ ಪ್ರಭಾವದ ತಿಳಿವಳಿಕೆ ಬಹುಮಟ್ಟಿಗೆ ನೆಲದ ಮೇಲಿನಿಂದ ಮತ್ತು ಆಕಾಶದಿಂದ ಬಂದದ್ದು. 1960ರಲ್ಲಿ ರೋಸೆಗ್ಗರ್ ದ್ವಯರು ಪ್ರಕಟಿಸಿದ ಟ್ರ್ಯಾಕ್ಟರ್ ಚಾಲಕರ ಅಧ್ಯಯನ ಬೆನ್ನೆಲುಬಿನ ತೊಂದರೆಗಳತ್ತ ಗಮನ ಸೆಳೆಯಿತು. ಯುದ್ಧವಿಮಾನದಿಂದ ಪೈಲಟ್‌ನನ್ನು ಹೊರಚಿಮ್ಮಿಸುವ ಆಸನಗಳಿಗಾಗಿ ಅಮೆರಿಕದಲ್ಲಿ ಬೆನ್ನೆಲುಬನ್ನು ಒಂದು ಭಾರ, ಒಂದು ಸ್ಪ್ರಿಂಗ್ ಮತ್ತು ಅಲುಗಾಟವನ್ನು ತಗ್ಗಿಸುವ ಒಂದು ಅವಮಂದಕವೆಂದು ಕಲ್ಪಿಸಿಕೊಂಡ ಗಣಿತ ಮಾದರಿ ರೂಪುಗೊಂಡಿತು. ಅಂತರರಾಷ್ಟ್ರೀಯ ಪ್ರಮಾಣೀಕರಣ ಸಂಸ್ಥೆಯ (ಐಎಸ್‌ಒ) 2631 ಸಂಖ್ಯೆಯ ಮಾನದಂಡ 1974ರಲ್ಲಿ ಮೊದಲು ಹೊರಬಂದು, 1997ರಲ್ಲಿ ಆಮೂಲಾಗ್ರವಾಗಿ ಪರಿಷ್ಕೃತವಾಯಿತು. 1986ರಲ್ಲಿ ಮನೋಹರ ಪಂಜಾಬಿ ಮತ್ತು ಸಂಗಡಿಗರು ಸ್ವಯಂಸೇವಕರ ಸೊಂಟದ ಕಶೇರುಗಳಿಗೇ ತಂತಿಸೂಜಿಗಳನ್ನು ಕೂರಿಸಿ, ಕುಳಿತ ಮನುಷ್ಯನ ಬೆನ್ನೆಲುಬು ಲಂಬ ದಿಕ್ಕಿನಲ್ಲಿ 4.4 ಹರ್ಟ್ಸ್‌ನಲ್ಲಿ ಅನುರಣಿಸುತ್ತದೆಂದು ನೇರ ಅಳತೆಯಿಂದ ತೋರಿಸಿದರು. ಇಂಗ್ಲೆಂಡಿನ ಸೌತಾಂಪ್ಟನ್ ವಿಶ್ವವಿದ್ಯಾಲಯದ ಮೈಕೆಲ್ ಗ್ರಿಫಿನ್ 1990ರಲ್ಲಿ ಪ್ರಕಟಿಸಿದ ಮಾನವ ಕಂಪನದ ಕೈಪಿಡಿ ಈ ಕ್ಷೇತ್ರದ ಆಧಾರಗ್ರಂಥವಾಗಿ ನಿಂತಿದೆ.

ಹಡಗಿನಲ್ಲಿ ಕಂಪನದ ಮೂಲಗಳು

ಅಲೆಗಳಿಂದಾಗುವ ಓಲಾಟ ಮತ್ತು ಏರಿಳಿತದ ಆವೃತ್ತಿ ದೊಡ್ಡ ಹಡಗುಗಳಲ್ಲಿ ಸಾಮಾನ್ಯವಾಗಿ 0.5 ಹರ್ಟ್ಸ್‌ಗಿಂತ ಕಡಿಮೆ. ಈ ನಿಧಾನ ಚಲನೆ ಹೊಟ್ಟೆ ತೊಳಸುವ ಕಡಲಬೇನೆಗೆ ಕಾರಣವಾದರೂ ಬೆನ್ನೆಲುಬಿನಲ್ಲಿ ಅನುರಣನವನ್ನು ಎಬ್ಬಿಸುವುದಿಲ್ಲ; ಆದರೆ ಓಲಾಡುವ ಆಸನದಲ್ಲಿ ನೆಟ್ಟಗೆ ಕೂರಲು ಬೆನ್ನಿನ ಮತ್ತು ಪಕ್ಕೆಯ ಸ್ನಾಯುಗಳು ಎಡೆಬಿಡದೆ ಬಿಗಿದು ಸಡಿಲಗೊಳ್ಳಬೇಕಾಗುವುದರಿಂದ ದಣಿವು ಬೇಗ ಕೂಡಿಬರುತ್ತದೆ.

ಎರಡನೆಯ ಮೂಲ ಯಂತ್ರ ಮತ್ತು ಪ್ರೊಪೆಲರ್. ಹಡಗಿನ ಹಿಂಬದಿಯಲ್ಲಿ ನೀರಿನ ಹರಿವು ಎಲ್ಲ ಕಡೆ ಸಮವಾಗಿಲ್ಲದ ಕಾರಣ ಪ್ರೊಪೆಲರ್‌ನ ಪ್ರತಿ ಅಲಗೂ ಒಡಲಿನ ಕೆಳಗೆ ಹಾದುಹೋಗುವಾಗ ಒಂದೊಂದು ಒತ್ತಡದ ತುಡಿತವನ್ನು ಉಂಟುಮಾಡುತ್ತದೆ. ನಿಮಿಷದ ಸುತ್ತುಗಳನ್ನು ಅಲಗುಗಳ ಸಂಖ್ಯೆಯಿಂದ ಗುಣಿಸಿ 60ರಿಂದ ಭಾಗಿಸಿದರೆ ಅಲಗು ಆವೃತ್ತಿ ದೊರೆಯುತ್ತದೆ. ನಿಮಿಷಕ್ಕೆ 100 ಸುತ್ತು ತಿರುಗುವ ಐದಲಗಿನ ಪ್ರೊಪೆಲರ್‌ನ ಅಲಗು ಆವೃತ್ತಿ ಸುಮಾರು 8.3 ಹರ್ಟ್ಸ್, 75 ಸುತ್ತು ತಿರುಗುವ ನಾಲ್ಕಲಗಿನದರದು 5 ಹರ್ಟ್ಸ್. ಎರಡನೆಯ ಅಂಕಿ ಕುಳಿತ ದೇಹದ ಅನುರಣನ ವಲಯದ (4ರಿಂದ 6 ಹರ್ಟ್ಸ್) ನಟ್ಟನಡುವೆ ಬೀಳುತ್ತದೆ. ಇಂಧನ ಉಳಿಸಲು ವೇಗ ತಗ್ಗಿಸಿ ಸಾಗುವ ಪದ್ಧತಿ 2008ರ ಆರ್ಥಿಕ ಹಿಂಜರಿತದ ನಂತರ ಹೆಚ್ಚಿದ್ದು, ಅದರಿಂದ ಪ್ರೊಪೆಲರ್‌ನ ಬಲ ಕುಗ್ಗಿದರೂ ಅಲಗು ಆವೃತ್ತಿ ಕೆಳಗಿಳಿದು ಈ ವಲಯವನ್ನು ಸಮೀಪಿಸಬಹುದಾದ್ದರಿಂದ, ಪೂರ್ಣವೇಗದಲ್ಲಿ ಮಾಡಿದ ಕಂಪನ ಪರೀಕ್ಷೆಯೊಂದರಿಂದಲೇ ಅಂಥ ಹಡಗಿನ ಸ್ಥಿತಿಯನ್ನು ನಿರ್ಣಯಿಸಲಾಗದು.

ಮೂರನೆಯದು ಅಲೆಯ ಆಘಾತ. ದೊಡ್ಡ ಹಡಗಿನ ಮುಂಭಾಗ ಅಲೆಗೆ ಬಡಿದಾಗ ಇಡೀ ಒಡಲು ಬಳುಕಿ ನಡುಗುತ್ತದೆ. ಚಿಕ್ಕ ದೋಣಿಯಲ್ಲಿ ಅದೇ ಬಡಿತ ನೇರವಾಗಿ ಆಸನಕ್ಕೆ ಮುಟ್ಟುತ್ತದೆ.

ಬೆನ್ನೆಲುಬಿನ ರಚನೆ ಮತ್ತು ಪ್ರತಿಕ್ರಿಯೆ

ಬೆನ್ನೆಲುಬಿನ ಕೆಳಭಾಗದ ಐದು ಸೊಂಟದ ಕಶೇರುಗಳು ಮುಂಡದ ಹೆಚ್ಚಿನ ಭಾರವನ್ನು ಹೊರುತ್ತವೆ. ಎರಡು ಕಶೇರುಗಳ ನಡುವೆ ಇರುವ ಡಿಸ್ಕ್‌ನ ಒಳಗೆ ನೀರಿನಂಶ ಹೆಚ್ಚಿರುವ ಲೋಳೆಯಂಥ ತಿರುಳೂ ಅದನ್ನು ಸುತ್ತುವರಿದ ನಾರಿನ ಬಳೆಯೂ ಇದ್ದು, ಮೇಲೆ ಕೆಳಗೆ ಮೃದ್ವಸ್ಥಿಯ ತೆಳುಫಲಕಗಳು ಅದನ್ನು ಕಶೇರುವಿಗೆ ಜೋಡಿಸುತ್ತವೆ. ವಯಸ್ಕರ ಡಿಸ್ಕ್‌ನ ಒಳಭಾಗಕ್ಕೆ ರಕ್ತನಾಳಗಳಿಲ್ಲ; ಅದರ ಪೋಷಣೆ ಈ ಫಲಕಗಳ ಮೂಲಕ ನಿಧಾನವಾಗಿ ಒಸರುವ ದ್ರವವನ್ನೇ ನೆಚ್ಚಿಕೊಂಡಿದೆ. ಆದ್ದರಿಂದ ಫಲಕಕ್ಕೆ ಬಿದ್ದ ಸಣ್ಣ ಬಿರುಕು ಗಾತ್ರದಲ್ಲಿ ಅಲ್ಪವಾಗಿದ್ದರೂ ಡಿಸ್ಕ್‌ನ ಮಟ್ಟಿಗೆ ಅಲ್ಪವಲ್ಲ. ಮಾಯುವಾಗ ಅದು ಗಡುಸಾಗಿ ಪೋಷಣೆಯ ದಾರಿಯನ್ನೇ ಕಿರಿದುಗೊಳಿಸಬಹುದು.

ಕುಳಿತಾಗ ಶ್ರೋಣಿ ಹಿಂದಕ್ಕೆ ತಿರುಗಿ, ನಿಂತಾಗ ಇರುವ ಸೊಂಟದ ಒಳಬಾಗು ಚಪ್ಪಟೆಯಾಗುತ್ತದೆ. ಆಧಾರವಿಲ್ಲದೆ ಕುಳಿತವರ ಡಿಸ್ಕ್‌ನೊಳಗಿನ ಒತ್ತಡ ನಿಂತವರದಕ್ಕಿಂತ ಹೆಚ್ಚೆಂದು ಸ್ವೀಡನ್ನಿನ ಆಲ್ಫ್ ನಾಕೆಮ್ಸನ್ 1960 ಮತ್ತು 70ರ ದಶಕಗಳಲ್ಲಿ ಸೂಜಿ ಚುಚ್ಚಿ ಅಳೆದು ಹೇಳಿದರು. 1999ರಲ್ಲಿ ಹಾನ್ಸ್–ಯೋಕಿಮ್ ವಿಲ್ಕೆ ಮತ್ತು ಸಂಗಡಿಗರು ಮಾಡಿದ ಅಳತೆಗಳು ಒರಗಿ ಕುಳಿತವರಲ್ಲಿ ಒತ್ತಡ ಕಡಿಮೆಯೂ ಇರಬಹುದೆಂದು ತೋರಿಸಿ ಆ ನಿರ್ಣಯವನ್ನು ತಿದ್ದಿದವು. ಕೂರುವುದೇ ಕೇಡೆಂಬ ಸರಳ ತೀರ್ಮಾನ ಹೀಗಾಗಿ ನಿಲ್ಲುವುದಿಲ್ಲ. ಕುಳಿತ ಭಂಗಿಯ ನಿಜವಾದ ತೊಡಕೆಂದರೆ, ನಿಂತವನ ಮೊಣಕಾಲು ಮತ್ತು ಹಿಮ್ಮಡಿಗಳು ಬಾಗಿ ಹೀರಿಕೊಳ್ಳಬಹುದಾದ ಕಂಪನ ಕುಳಿತವನಲ್ಲಿ ಯಾವ ತಡೆಯೂ ಇಲ್ಲದೆ ಶ್ರೋಣಿಯಿಂದ ಮೇಲೇರುವುದು.

ಕುಳಿತ ದೇಹದ ಲಂಬ ಅನುರಣನ 4ರಿಂದ 6 ಹರ್ಟ್ಸ್ ನಡುವೆ ಇದ್ದು, ಆಗ ಶ್ರೋಣಿ ಮುಂದಕ್ಕೆ ಹಿಂದಕ್ಕೆ ತೂಗುವುದು, ಹೊಟ್ಟೆಯೊಳಗಿನ ಅಂಗಗಳು ಮೇಲೆ ಕೆಳಗೆ ಚಲಿಸುವುದು ಮತ್ತು ಬೆನ್ನೆಲುಬು ಬಾಗುವುದು ಇವೆಲ್ಲ ಒಟ್ಟಿಗೆ ಹಿಗ್ಗುತ್ತವೆ. ಬೆನ್ನಿನ ಸ್ನಾಯುಗಳು ಪ್ರತಿ ಅಲುಗಾಟಕ್ಕೂ ಬಿಗಿದು ಉತ್ತರಿಸುತ್ತವೆಯಾದರೂ, ನರಗಳ ಸಂದೇಶ ತಲುಪಿ ಸ್ನಾಯು ಬಲ ಹೂಡುವ ಹೊತ್ತಿಗೆ ಅಲುಗಾಟದ ದಿಕ್ಕು ಬದಲಾಗಿರಬಹುದು. ಹಾಗೆ ಹೊತ್ತುಮೀರಿ ಬಿಗಿದ ಸ್ನಾಯು ಡಿಸ್ಕ್‌ನ ಹೊರೆಯನ್ನು ಇಳಿಸುವ ಬದಲು ಅದಕ್ಕೆ ತನ್ನ ಬಲವನ್ನೂ ಸೇರಿಸುತ್ತದೆ. ಗಂಟೆಗಟ್ಟಲೆ ಹೀಗೆ ನಡೆದು ದಣಿದ ಸ್ನಾಯುಗಳು ಮುಂದಿನ ಆಘಾತಕ್ಕೆ ಇನ್ನೂ ತಡವಾಗಿ ಸ್ಪಂದಿಸುತ್ತವೆ. ಆಸನ ಬಿಟ್ಟೆದ್ದ ಕೂಡಲೇ ಭಾರವಾದ ಹಗ್ಗವನ್ನೋ ಸರಕನ್ನೋ ಎತ್ತುವುದು ಅಪಾಯಕರವೆಂದು ಪರಿಗಣಿಸಲು ಇದೂ ಒಂದು ಕಾರಣ.

ವೇಗದ ದೋಣಿಗಳ ಆಘಾತ

ಹಡಗು ಸಿಬ್ಬಂದಿಯ ಬೆನ್ನೆಲುಬಿಗೆ ಅತ್ಯಂತ ಸ್ಪಷ್ಟ ಅಪಾಯ ಕಂಡುಬಂದಿರುವುದು ವೇಗದ ಚಿಕ್ಕ ದೋಣಿಗಳಲ್ಲಿ. ಸ್ವೀಡನ್ನಿನ ನೌಕಾಪಡೆಯ 90 ಮಾದರಿಯ ಯುದ್ಧದೋಣಿಯಂಥವು ಸುಮಾರು 40 ನಾಟ್ ವೇಗದಲ್ಲಿ, ಅಂದರೆ ಗಂಟೆಗೆ 74 ಕಿಲೋಮೀಟರ್‌ನಷ್ಟು ವೇಗದಲ್ಲಿ ನೀರಿನ ಮೇಲ್ಮೈಯನ್ನು ಸವರುತ್ತ ಸಾಗುವಾಗ, ದೋಣಿ ಒಂದು ಅಲೆಯ ನೆತ್ತಿಯಿಂದ ಚಿಮ್ಮಿ, ಕ್ಷಣಕಾಲ ನೀರನ್ನು ಬಿಟ್ಟು, ಮುಂದಿನ ಅಲೆಯ ಇಳುಕಲಿಗೆ ಅಪ್ಪಳಿಸುತ್ತದೆ. ಆ ಅಪ್ಪಳಿಕೆಯ ವೇಗೋತ್ಕರ್ಷ ಹಲವು ಜಿ ಮುಟ್ಟುತ್ತದೆ. ದೋಣಿ ಗಾಳಿಯಲ್ಲಿರುವಾಗ ಕುಳಿತವನ ದೇಹ ಆಸನದಿಂದ ತುಸು ಮೇಲೆದ್ದಿರುತ್ತದೆ. ಅದು ಮರಳಿ ಕೆಳಗಿಳಿಯುವ ಹೊತ್ತಿಗೆ ಆಸನ ಮೇಲಕ್ಕೆ ಬರುತ್ತಿದ್ದರೆ ಎರಡೂ ಪರಸ್ಪರ ಬಡಿದು, ದೋಣಿಯ ನೆಲದಲ್ಲಿ ಅಳೆದುದಕ್ಕಿಂತ ದೊಡ್ಡ ಹೊಡೆತ ಬೆನ್ನೆಲುಬಿಗೆ ಬೀಳುತ್ತದೆ. ಮುಂದಿನ ಅಲೆಯನ್ನು ಕಾಣುವ ಚಾಲಕ ಮೈ ಬಿಗಿಹಿಡಿದು ಸಿದ್ಧನಾಗಬಲ್ಲ. ಹಿಂದೆ ಪರದೆಯನ್ನೋ ನಕ್ಷೆಯನ್ನೋ ನೋಡುತ್ತ ಕುಳಿತ ಸಂಗಡಿಗನಿಗೆ, ಅದರಲ್ಲೂ ಸೊಂಟ ತಿರುಚಿ ಕುತ್ತಿಗೆ ಬಗ್ಗಿಸಿದವನಿಗೆ, ಆ ಅವಕಾಶವಿಲ್ಲ.

ಅಮೆರಿಕದ ನೌಕಾಪಡೆಯ ವಿಶೇಷ ದೋಣಿದಳದ 154 ಮಂದಿಯಿಂದ ಮಾಹಿತಿ ಪಡೆದು 2000ರಲ್ಲಿ ಪ್ರಕಟಿಸಿದ ಸಮೀಕ್ಷೆಯಲ್ಲಿ ಮೂವರಲ್ಲಿ ಸುಮಾರು ಇಬ್ಬರು ತಮಗೆ ದೋಣಿಯಲ್ಲಿ ಗಾಯವಾಗಿದ್ದನ್ನು ತಿಳಿಸಿದ್ದರು. ಆ ಗಾಯಗಳಲ್ಲಿ ಮೂರನೆಯ ಒಂದರಷ್ಟು ಕೆಳಬೆನ್ನಿನವು, ನಂತರದ ಸ್ಥಾನ ಮೊಣಕಾಲು ಮತ್ತು ಭುಜದ್ದು. ಇದು ಸಿಬ್ಬಂದಿಯ ಹೇಳಿಕೆಯನ್ನು ಆಧರಿಸಿದ ಸಮೀಕ್ಷೆಯಾಗಿದ್ದು ವೈದ್ಯಕೀಯ ತಪಾಸಣೆಯ ಫಲಿತಾಂಶವಲ್ಲ ಎಂಬುದನ್ನು ಗಮನದಲ್ಲಿಡಬೇಕು.

ಆರೋಗ್ಯ ಪರಿಣಾಮಗಳು

ಒಂದೇ ಆಘಾತದಿಂದ ಆಗುವ ಹಾನಿಯಲ್ಲಿ ಮುಖ್ಯವಾದದ್ದು ಕಶೇರುವಿನ ಕುಸಿತ, ಅಂದರೆ ಮೂಳೆಯ ದಿಂಡು ಮುಂಬದಿಯಲ್ಲಿ ಜಜ್ಜಿ ಬೆಣೆಯಾಕಾರ ತಳೆಯುವ ಮುರಿತ. ಎದೆಯ ಕೊನೆಯ ಕಶೇರು ಮತ್ತು ಸೊಂಟದ ಮೊದಲ ಕಶೇರು ಸೇರುವೆಡೆ ಇದಕ್ಕೆ ಹೆಚ್ಚು ಈಡಾಗುತ್ತದೆ. ಪಕ್ಕೆಲುಬುಗಳಿಂದ ಬಿಗಿಯಾದ ಎದೆಯ ಭಾಗ ಮುಗಿದು ಸುಲಭವಾಗಿ ಬಾಗುವ ಸೊಂಟದ ಭಾಗ ಆರಂಭವಾಗುವುದು ಅಲ್ಲೇ. ಗಾಳಿ ತುಂಬಿದ ಅಂಚಿನ ವೇಗದೋಣಿಗಳಲ್ಲಿ ವಿಹಾರಕ್ಕೆ ಹೋದ ಪ್ರಯಾಣಿಕರಿಗೆ ಇಂಥ ಮುರಿತಗಳಾದ ಪ್ರಕರಣಗಳನ್ನು ಬ್ರಿಟನ್ನಿನ ನೌಕಾ ಅಪಘಾತ ತನಿಖಾ ವಿಭಾಗ ವರದಿ ಮಾಡಿದೆ.

ದೀರ್ಘಕಾಲದ ಪರಿಣಾಮಗಳ ಚಿತ್ರ ಇಷ್ಟು ಸ್ಪಷ್ಟವಾಗಿಲ್ಲ. ಟ್ರ್ಯಾಕ್ಟರ್, ಬಸ್ಸು ಮತ್ತು ಕ್ರೇನ್ ಚಾಲಕರ ಮೇಲೆ ನಡೆದ ಅಧ್ಯಯನಗಳನ್ನು ಒಟ್ಟುಗೂಡಿಸಿದ ಮಾಸ್ಸಿಮೊ ಬೊವೆನ್ಸಿ ಮತ್ತು ಕಾರೆಲ್ ಹುಲ್ಸ್‌ಹೋಫ್ ಅವರ 1999ರ ವಿಮರ್ಶೆ, ಪೂರ್ಣದೇಹ ಕಂಪನಕ್ಕೆ ಒಳಗಾಗುವ ಚಾಲಕರಲ್ಲಿ ಕೆಳಬೆನ್ನಿನ ನೋವು, ಕಾಲಿಗೆ ಇಳಿಯುವ ನರನೋವು ಮತ್ತು ಡಿಸ್ಕ್‌ನ ತೊಂದರೆಗಳು ಇತರರಿಗಿಂತ ಹೆಚ್ಚೆಂದು ಕಂಡುಕೊಂಡಿತು. ಜರ್ಮನಿ 1993ರಿಂದ, ಕುಳಿತ ಭಂಗಿಯಲ್ಲಿ ಹಲವು ವರ್ಷ ಲಂಬ ಕಂಪನಕ್ಕೆ ಒಳಗಾಗಿ ಬಂದ ಸೊಂಟದ ಡಿಸ್ಕ್ ರೋಗವನ್ನು 2110ನೆಯ ಸಂಖ್ಯೆಯಡಿ ವೃತ್ತಿರೋಗವೆಂದು ಪರಿಗಣಿಸಿದೆ. ಇದಕ್ಕೆ ಎದುರಾಗಿ, ವೃತ್ತಿಯಲ್ಲಿ ವಾಹನ ಚಾಲನೆಯ ಅವಧಿಯಲ್ಲಿ ಬಹಳ ವ್ಯತ್ಯಾಸವಿದ್ದ 45 ಜೋಡಿ ತದ್ರೂಪಿ ಅವಳಿಗಳನ್ನು ಫಿನ್ಲೆಂಡಿನಲ್ಲಿ ಹೋಲಿಸಿ ಮಿಷೆಲ್ ಬ್ಯಾಟಿ ಮತ್ತು ಸಂಗಡಿಗರು 2002ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಎಂಆರ್‌ಐ ಚಿತ್ರಗಳಲ್ಲಿ ಕಾಣುವ ಡಿಸ್ಕ್ ಸವೆತ ಚಾಲಕರಲ್ಲಿ ಹೆಚ್ಚಿರಲಿಲ್ಲ. ಎರಡನ್ನೂ ಕೂಡಿಸಿ ನೋಡಿದರೆ, ಕಂಪನ ಮತ್ತು ನೋವಿನ ನಡುವಿನ ನಂಟು ಗಟ್ಟಿಯಾಗಿದ್ದು, ಕಂಪನ ಮತ್ತು ಸವೆತದ ನಡುವಿನ ನಂಟು ಸಡಿಲವಾಗಿದೆ ಎನ್ನಬೇಕಾಗುತ್ತದೆ. ಹಡಗಿನಲ್ಲಿ ಭಾರ ಎತ್ತುವುದು, ಕಡಿದಾದ ಏಣಿ ಹತ್ತುವುದು, ನಿದ್ದೆಗೆಡುವುದು, ಒಂದೇ ಭಂಗಿಯಲ್ಲಿ ಪಾಳಿ ಕಳೆಯುವುದು ಇವೆಲ್ಲ ಕಂಪನದ ಜೊತೆಗೇ ಬರುವುದರಿಂದ ಒಂದೊಂದರ ಪಾಲನ್ನು ಬೇರ್ಪಡಿಸುವುದು ನೆಲದ ಮೇಲಿಗಿಂತಲೂ ಕಷ್ಟ.

ಅಳತೆ ಮತ್ತು ಮಿತಿಗಳು

ಐಎಸ್‌ಒ 2631ರ ಮೊದಲ ಭಾಗದ ಪ್ರಕಾರ ಆಸನದ ಮೇಲೆ ಇಟ್ಟ ತೆಳುವಾದ ತಟ್ಟೆಯೊಳಗಿನ ಸಂವೇದಕದಿಂದ ಮೂರು ದಿಕ್ಕುಗಳ ವೇಗೋತ್ಕರ್ಷವನ್ನು ಅಳೆದು, ದೇಹ ಯಾವ ಆವೃತ್ತಿಗೆ ಎಷ್ಟು ಸ್ಪಂದಿಸುತ್ತದೆ ಎಂಬುದಕ್ಕೆ ತಕ್ಕಂತೆ ತೂಕ ಕೊಡಲಾಗುತ್ತದೆ. ಆರೋಗ್ಯಕ್ಕೆ ಸಂಬಂಧಿಸಿದ ವ್ಯಾಪ್ತಿ 0.5ರಿಂದ 80 ಹರ್ಟ್ಸ್. ಕುಳಿತವರಿಗೆ ಅಡ್ಡ ದಿಕ್ಕಿನ ಎರಡು ಬೆಲೆಗಳನ್ನು 1.4ರಿಂದ ಗುಣಿಸಬೇಕು. ಯುರೋಪಿಯನ್ ಒಕ್ಕೂಟದ 2002ರ 44ನೆಯ ನಿರ್ದೇಶನ ಎಂಟು ಗಂಟೆಯ ದುಡಿಮೆಗೆ ಸಮೀಕರಿಸಿದ ಬೆಲೆ 0.5 ಮೀ/ಸೆ² ದಾಟಿದರೆ ಮಾಲೀಕರು ಕ್ರಮ ಕೈಗೊಳ್ಳಬೇಕೆಂದೂ 1.15 ಮೀ/ಸೆ² ದಾಟಲೇಬಾರದೆಂದೂ ವಿಧಿಸುತ್ತದೆ. ಆಸನದಲ್ಲಿ 2 ಮೀ/ಸೆ² ಕಂಪನವಿರುವ ದೋಣಿಯಲ್ಲಿ ಅರ್ಧ ಗಂಟೆಗೇ ಮೊದಲ ಮಟ್ಟ, ಸುಮಾರು 2 ಗಂಟೆ 40 ನಿಮಿಷಕ್ಕೆ ಎರಡನೆಯ ಮಿತಿ ಮುಟ್ಟುತ್ತದೆ.

ಈ ಬೆಲೆಗಳಿಗೆ ಆಧಾರವಾದ ವರ್ಗಸರಾಸರಿಯ ವಿಧಾನ ರೂಪುಗೊಂಡದ್ದು ಹೆಚ್ಚುಕಡಿಮೆ ಏಕರೂಪದ ಕಂಪನವಿರುವ, ಸಂಜೆಗೆ ಮುಗಿಯುವ ದುಡಿಮೆಗಾಗಿ. ಕಡಲಿನಲ್ಲಿ ಅದು ಎರಡು ಕಡೆ ಸೋಲುತ್ತದೆ. ಗಂಟೆಗೆ ಕೆಲವೇ ಸಲ ಬೀಳುವ ದೊಡ್ಡ ಆಘಾತ ಸರಾಸರಿಯಲ್ಲಿ ಕರಗಿಹೋಗುತ್ತದೆ. ಬೆನ್ನೆಲುಬನ್ನು ಮುರಿಯುವುದು ಸರಾಸರಿಯಲ್ಲ, ಆ ಆಘಾತ. ಈ ಕೊರತೆಯನ್ನು ತುಂಬಲು ವೇಗೋತ್ಕರ್ಷವನ್ನು ನಾಲ್ಕನೆಯ ಘಾತಕ್ಕೇರಿಸಿ ಕೂಡಿಸುವ ಕಂಪನಮಾತ್ರೆ ಎಂಬ ಅಳತೆಯಿದ್ದು, ಇದರಲ್ಲಿ ತೀವ್ರತೆ ಇಮ್ಮಡಿಯಾದರೆ ಅನುಮತಿಸುವ ಅವಧಿ ಹದಿನಾರನೆಯ ಒಂದಂಶಕ್ಕೆ ಇಳಿಯುತ್ತದೆ. ಸರಾಸರಿ ವಿಧಾನದಲ್ಲಿ ಅದು ಇಳಿಯುವುದು ನಾಲ್ಕನೆಯ ಒಂದಂಶಕ್ಕೆ ಮಾತ್ರ. ಅದೇ ನಿರ್ದೇಶನ ಕಂಪನಮಾತ್ರೆಗೆ 9.1 ಮತ್ತು 21 ಮೀ/ಸೆ¹·⁷⁵ ಎಂಬ ಎರಡು ಮಟ್ಟಗಳನ್ನು ಪರ್ಯಾಯವಾಗಿ ಕೊಟ್ಟಿದೆ. ಐಎಸ್‌ಒ 2631ರ ಐದನೆಯ ಭಾಗ ಇನ್ನೂ ಮುಂದೆ ಹೋಗಿ ಆಘಾತಗಳಿಂದ ಸೊಂಟದ ಕಶೇರುವಿನ ಮೇಲೆ ಬೀಳುವ ಒತ್ತಡವನ್ನೇ ಅಂದಾಜಿಸುತ್ತದೆ; 2004ರ ಆವೃತ್ತಿಯಲ್ಲಿ ದಿನದ ಸಮಾನ ಒತ್ತಡ 0.5 ಮೆಗಾಪ್ಯಾಸ್ಕಲ್‌ಗಿಂತ ಕಡಿಮೆಯಿದ್ದರೆ ಕೇಡಿನ ಸಂಭವ ಕಡಿಮೆಯೆಂದೂ 0.8 ಮೀರಿದರೆ ಹೆಚ್ಚೆಂದೂ ಹೇಳಲಾಗಿತ್ತು. 2018ರಲ್ಲಿ ಈ ಭಾಗ ಪರಿಷ್ಕೃತವಾಯಿತು.

ಎರಡನೆಯ ಸೋಲು ಅವಧಿಯದು. ನಾವಿಕ ಪಾಳಿ ಮುಗಿಸಿ ಮನೆಗೆ ಹೋಗುವುದಿಲ್ಲ. ಅವನು ಉಣ್ಣುವುದೂ ಮಲಗುವುದೂ ಅದೇ ಕಂಪಿಸುವ ಒಡಲಿನಲ್ಲಿ. ವ್ಯಾಪಾರಿ ಹಡಗುಗಳ ವಾಸಯೋಗ್ಯತೆಗಾಗಿ 2000ದಲ್ಲಿ ಪರಿಷ್ಕೃತವಾದ ಐಎಸ್‌ಒ 6954 (2016ರಿಂದ ಇದರ ಸ್ಥಾನದಲ್ಲಿ ಐಎಸ್‌ಒ 20283ರ ಐದನೆಯ ಭಾಗವಿದೆ) ಕೆಲಸದ ಜಾಗಗಳಲ್ಲಿ 0.286 ಮೀ/ಸೆ² ಮತ್ತು ಸಿಬ್ಬಂದಿಯ ಕೋಣೆಗಳಲ್ಲಿ 0.214 ಮೀ/ಸೆ² ದಾಟಿದರೆ ದೂರುಗಳು ಬರುವುದು ಸಂಭವನೀಯವೆಂದು ಗುರುತಿಸಿತು. ಎಂಟು ಗಂಟೆ ಮೊದಲನೆಯ ಮಟ್ಟದಲ್ಲೂ ಉಳಿದ ಹದಿನಾರು ಗಂಟೆ ಎರಡನೆಯದರಲ್ಲೂ ಕಳೆದರೆ, ಎಂಟು ಗಂಟೆಗೆ ಸಮೀಕರಿಸಿದ ಬೆಲೆ ಸ್ಥೂಲವಾಗಿ 0.42 ಮೀ/ಸೆ² ಆಗುತ್ತದೆ. ಪಾಳಿಯನ್ನಷ್ಟೇ ಲೆಕ್ಕ ಹಿಡಿದರೆ ನಿರಾತಂಕವೆನಿಸಿದ ಹಡಗು ಹೀಗೆ ದಿನದ ಲೆಕ್ಕದಲ್ಲಿ ಯುರೋಪಿನ ಕ್ರಮಮಟ್ಟದ ಸನಿಹಕ್ಕೆ ಬರುತ್ತದೆ. ಮಲಗಿದವರ ಬೆನ್ನೆಲುಬಿನ ಮೇಲೆ ಕುಳಿತವರಷ್ಟು ಲಂಬ ಹೊರೆ ಬೀಳದ ಕಾರಣ, ಮತ್ತು ಎರಡು ಮಾನದಂಡಗಳ ತೂಕದ ಪದ್ಧತಿ ಒಂದೇ ಅಲ್ಲದ ಕಾರಣ, ಈ ಲೆಕ್ಕವನ್ನು ಹೋಲಿಕೆಗಷ್ಟೇ ಬಳಸಬಹುದು.

ಆಸನಗಳು

ಗಟ್ಟಿ ಆಸನ ನೆಲದ ಕಂಪನವನ್ನು ಇದ್ದಂತೆ ದಾಟಿಸುತ್ತದೆ. ಅದಕ್ಕೆ ದಪ್ಪ ಫೋಮ್ ಹಾಕಿದರೆ ಒಳ್ಳೆಯದಾಗುತ್ತದೆಂಬ ನಂಬಿಕೆ ವ್ಯಾಪಕವಾಗಿದ್ದರೂ ತಪ್ಪು: ಫೋಮ್ ಆಸನಗಳ ಮೇಲೆ ಕುಳಿತ ದೇಹ ಸುಮಾರು 4 ಹರ್ಟ್ಸ್‌ನಲ್ಲಿ ಅನುರಣಿಸುವುದರಿಂದ, ಬೆನ್ನೆಲುಬಿಗೆ ಅತಿ ಕೆಟ್ಟದಾದ ವಲಯದಲ್ಲಿಯೇ ಅವು ಕಂಪನವನ್ನು ಹಿಗ್ಗಿಸುತ್ತವೆ. ಸ್ಪ್ರಿಂಗ್ ಅಥವಾ ಗಾಳಿಚೀಲ ಮತ್ತು ಅವಮಂದಕಗಳಿರುವ ತೂಗಾಸನದ ಸಹಜ ಆವೃತ್ತಿಯನ್ನು 2 ಹರ್ಟ್ಸ್ ಆಸುಪಾಸಿಗೆ ಇಳಿಸಿದರೆ, ಅದರ 1.4 ಪಟ್ಟಿಗಿಂತ ಮೇಲಿನ ಆವೃತ್ತಿಗಳು ತಗ್ಗಿ ತಲುಪುತ್ತವೆ. ಅದಕ್ಕಿಂತ ಕೆಳಗಿನವು ಹಿಗ್ಗುತ್ತವೆ. ಆಸನದ ಮೇಲಿನ ಕಂಪನವನ್ನು ನೆಲದ ಕಂಪನದಿಂದ ಭಾಗಿಸಿ ಶೇಕಡಾವಾರು ಹೇಳುವ ಆಸನದಾಟುಬೆಲೆ 100ಕ್ಕಿಂತ ಕಡಿಮೆಯಿದ್ದರೆ ಆಸನ ಉಪಕಾರಿ, ಹೆಚ್ಚಿದ್ದರೆ ಅಪಕಾರಿ. ತೂಗಾಸನದ ದೊಡ್ಡ ದೌರ್ಬಲ್ಯ ಅದರ ಚಲನೆಯ ಅಂತರ ಮುಗಿದಾಗ ಕಾಣಿಸುತ್ತದೆ: ದೊಡ್ಡ ಆಘಾತಕ್ಕೆ ಆಸನ ತಳಕ್ಕೆ ಬಡಿದರೆ, ಗಟ್ಟಿ ಆಸನದಲ್ಲಿ ಬೀಳುತ್ತಿದ್ದುದಕ್ಕಿಂತಲೂ ತೀಕ್ಷ್ಣವಾದ ಹೊಡೆತ ಬೆನ್ನಿಗೆ ಬೀಳಬಹುದು. ಹೀಗಾಗಿ ದೋಣಿಯ ಬಗೆ ಮತ್ತು ಕುಳಿತವರ ತೂಕಕ್ಕೆ ಹೊಂದಿಸದ ತೂಗಾಸನ ಕೇವಲ ಹೆಸರಿಗೆ ರಕ್ಷಣೆ.

ಕುದುರೆಯ ಜೀನಿನಂತೆ ಕಾಲು ಚಾಚಿ ಅರ್ಧ ನಿಂತು ಅರ್ಧ ಕೂರುವ ಆಸನ ವೇಗದ ದೋಣಿಗಳಲ್ಲಿ ಪ್ರಚಲಿತವಾಗಿದೆ. ಅದು ಸೊಂಟದ ಒಳಬಾಗನ್ನು ಉಳಿಸಿ, ಆಘಾತದ ಒಂದು ಪಾಲನ್ನು ತೊಡೆಯ ಸ್ನಾಯುಗಳಿಗೆ ವಹಿಸುತ್ತದೆ. ಆ ಸ್ನಾಯುಗಳು ದಣಿದ ಮೇಲೆ ಪ್ರಯೋಜನ ಕುಗ್ಗುತ್ತದೆ.

ಇತರ ನಿವಾರಣ ಕ್ರಮಗಳು

ದೊಡ್ಡ ಹಡಗುಗಳಲ್ಲಿ ಓರೆಯಾಗಿ ಬಾಗಿದ ಅಲಗುಗಳ ಪ್ರೊಪೆಲರ್, ಪ್ರೊಪೆಲರ್ ಮತ್ತು ಒಡಲಿನ ನಡುವೆ ಸಾಕಷ್ಟು ಅಂತರ, ಯಂತ್ರದ ಅಸಮತೋಲನವನ್ನು ತೂಗುವ ಸಾಧನಗಳಿಂದ ಕಂಪನ ಹುಟ್ಟುವಲ್ಲೇ ಕುಗ್ಗುತ್ತದೆ. ಚಿಕ್ಕ ದೋಣಿಗಳಲ್ಲಿ ಆಳವಾದ ‘ವಿ’ ಆಕಾರದ ತಳ ಅಪ್ಪಳಿಕೆಯನ್ನು ಮೃದುಗೊಳಿಸುತ್ತದೆ. ಮುಂಭಾಗದ ಏರಿಳಿತ ಅತಿ ಹೆಚ್ಚಾದ್ದರಿಂದ ಆಸನಗಳನ್ನು ಹಿಂದಕ್ಕೆ ಸರಿಸುವುದು ಖರ್ಚಿಲ್ಲದ ಪರಿಹಾರ. ಎಲ್ಲಕ್ಕಿಂತ ಪರಿಣಾಮಕಾರಿಯಾದದ್ದು ವೇಗವನ್ನು ತಗ್ಗಿಸುವುದೇ. ಆದರೆ ರಕ್ಷಣೆಗೋ ಗಸ್ತಿಗೋ ಹೊರಟ ದೋಣಿಗೆ ಅದು ಯಾವಾಗಲೂ ಸಾಧ್ಯವಿಲ್ಲ. ಬ್ರಿಟನ್ನಿನ ನೌಕಾ ಮತ್ತು ಕರಾವಳಿ ರಕ್ಷಣಾ ಸಂಸ್ಥೆ ಚಿಕ್ಕ ದೋಣಿಗಳ ಆಘಾತವನ್ನು ತಗ್ಗಿಸುವ ಕುರಿತು ಪ್ರತ್ಯೇಕ ಮಾರ್ಗಸೂಚಿಯನ್ನು ಹೊರಡಿಸಿದೆ.

ಇಂದಿನ ಸ್ಥಿತಿ

ಯುರೋಪಿನ ನಿರ್ದೇಶನ ಸಮುದ್ರ ಮತ್ತು ವಾಯು ಸಾರಿಗೆಗೆ ಪೂರ್ಣದೇಹ ಕಂಪನದ ಮಿತಿಯಿಂದ ವಿನಾಯಿತಿ ಕೊಡುವ ಅವಕಾಶವನ್ನು ಸದಸ್ಯ ದೇಶಗಳಿಗೆ ಬಿಟ್ಟಿದೆ. ಮಿತಿಯನ್ನು ಪಾಲಿಸಲು ತಾಂತ್ರಿಕವಾಗಿ ಸಾಧ್ಯವಾಗದ ಸಂದರ್ಭ ಅತಿ ಹೆಚ್ಚು ಎದುರಾಗುವ ವೃತ್ತಿಗಳಲ್ಲೇ ವಿನಾಯಿತಿಯೂ ಇದೆ ಎಂಬುದು ಈ ವ್ಯವಸ್ಥೆಯ ಗಂಭೀರ ಬಿರುಕು. ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆಯ 2006ರ ನೌಕಾ ಕಾರ್ಮಿಕ ಒಪ್ಪಂದ ಹಾನಿಕರ ಕಂಪನದಿಂದ ನಾವಿಕರನ್ನು ರಕ್ಷಿಸುವ ಹೊಣೆಯನ್ನು ಹೇಳುತ್ತದೆಯಾದರೂ ಅಂಕಿಗಳ ಮಿತಿಯನ್ನು ತಾನೇ ಗೊತ್ತುಪಡಿಸುವುದಿಲ್ಲ. ಸ್ಟಾಕ್‌ಹೋಮ್‌ನ ಕೆಟಿಎಚ್ ತಾಂತ್ರಿಕ ವಿಶ್ವವಿದ್ಯಾಲಯದಲ್ಲಿ ವೇಗದ ದೋಣಿಗಳ ಸಿಬ್ಬಂದಿ ಅನುಭವಿಸುವ ಕಂಪನ ಮತ್ತು ನೋವಿನ ನಂಟನ್ನು ಅರಿಯುವ ಸಂಶೋಧನೆ ನಡೆದಿದ್ದು, ದೋಣಿಯಲ್ಲಿಯೇ ಅಳೆದು ಚಾಲಕನಿಗೆ ಕೂಡಲೇ ತಿಳಿಸುವ ಸಾಧನಗಳೂ ಬಳಕೆಗೆ ಬರುತ್ತಿವೆ.

ಭಾರತ ನೌಕಾ ಕಾರ್ಮಿಕ ಒಪ್ಪಂದವನ್ನು 2015ರ ಅಕ್ಟೋಬರಿನಲ್ಲಿ ಅಂಗೀಕರಿಸಿ, 2016ರಲ್ಲಿ ಅದಕ್ಕನುಗುಣವಾದ ನಿಯಮಗಳನ್ನು ಹೊರಡಿಸಿತು. ಕರ್ನಾಟಕದ ಕರಾವಳಿಯಲ್ಲಿ ನವ ಮಂಗಳೂರು ಬಂದರಿಗೆ ಬರುವ ವ್ಯಾಪಾರಿ ಹಡಗುಗಳ ಸಿಬ್ಬಂದಿ ಇದರ ವ್ಯಾಪ್ತಿಗೆ ಸೇರುತ್ತಾರೆ. ಅಲೆಯ ಆಘಾತದ ಅಪಾಯ ಹೆಚ್ಚಿರುವ ಗಸ್ತುದೋಣಿಗಳಾದರೋ ಮಲ್ಪೆಯಲ್ಲಿ ಕೇಂದ್ರವಿರುವ ಕರಾವಳಿ ಕಾವಲು ಪೊಲೀಸ್ ಪಡೆಯ ಬಳಿಯೂ ತಟರಕ್ಷಣಾ ಪಡೆಯ ಬಳಿಯೂ ಇವೆ. ಮೀನುಗಾರಿಕೆಯ ದೋಣಿಗಳನ್ನು ಆ ಒಪ್ಪಂದ ಹೊರಗಿಟ್ಟಿದೆ. ಅವುಗಳಿಗಾಗಿ 2007ರಲ್ಲಿ ರೂಪಿಸಿ 2017ರ ನವೆಂಬರಿನಲ್ಲಿ ಜಾರಿಗೆ ಬಂದ, ಅದೇ ಕಾರ್ಮಿಕ ಸಂಸ್ಥೆಯ 188ನೆಯ ಒಪ್ಪಂದವನ್ನು ಭಾರತ ಅಂಗೀಕರಿಸಿಲ್ಲವಾದ್ದರಿಂದ, ಡೀಸೆಲ್ ಯಂತ್ರದ ಮೇಲ್ಭಾಗದಲ್ಲೇ ಚುಕ್ಕಾಣಿ ಹಿಡಿದು ದಿನಗಟ್ಟಲೆ ಕಡಲಿನಲ್ಲಿರುವ ಟ್ರಾಲರ್ ಬೋಟಿನ ತಾಂಡೇಲನ ಆಸನ ಈ ಎರಡೂ ಒಪ್ಪಂದಗಳ ವ್ಯಾಪ್ತಿಯಿಂದ ಹೊರಗೇ ಉಳಿದಿದೆ.